ಪಶ್ಚಿಮ ಘಟ್ಟದ ಆರನೇ ಕರಡು: ನಿಷೇಧ ಹಳೆಯದು, ಅಂಜಿಕೆ ಜಮೀನಿನದು

ಪಶ್ಚಿಮ ಘಟ್ಟದಲ್ಲಿ ಗಣಿ, ಕ್ವಾರಿ, ಬೃಹತ್ ಕಟ್ಟಡಗಳನ್ನು ನಿಷೇಧಿಸಲು ಗುರುತಿಸುವ ಪರಿಸರ ಸೂಕ್ಷ್ಮ ಪ್ರದೇಶದ ಸುದ್ದಿ ಬಂದಾಗಲೆಲ್ಲ ಮಲೆನಾಡಿನಲ್ಲಿ ಅದೇ ಪ್ರಶ್ನೆಗಳು ಮತ್ತೆ ಏಳುತ್ತವೆ. ಕಸ್ತೂರಿರಂಗನ್ ವರದಿ ಜಾರಿಯಾಯಿತೇ? ಮನೆ ಕಟ್ಟಬಹುದೇ? ತೋಟ ಮಾರಬಹುದೇ? ಒಕ್ಕಲೆಬ್ಬಿಸುತ್ತಾರೆಯೇ? ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇವು ಹಾಗೇ ಉಳಿದಿವೆ. ಕೇಂದ್ರ ಪರಿಸರ ಸಚಿವಾಲಯ ಆರನೇ ಕರಡು ಅಧಿಸೂಚನೆಯನ್ನು 2024ರ ಜುಲೈ 31ರಂದು ಹೊರಡಿಸಿತು. ಅದರ ಹಿಂದಿನ ದಿನವಷ್ಟೇ ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲೆಯ ಮೇಲೆ ಗುಡ್ಡ ಜಾರಿ ಇನ್ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ಎರಡೂ ಒಟ್ಟಿಗೆ ಬಂದದ್ದರಿಂದ ಕುಸಿತ ತಡೆಯಲೆಂದೇ ಈ ಕರಡು ಬಂತು ಎಂದು ಬಹಳ ಮಂದಿ ತಿಳಿದರು. ಹಾಗಲ್ಲ. ಹಿಂದಿನ ಕರಡಿನ ಅವಧಿ ಮುಗಿದಿತ್ತು, ಅದಕ್ಕೆ ಹೊಸದು ಬಂತು.

ಗೊಂದಲ ಬಿಡಿಸಿಕೊಳ್ಳಲು ಮೂರು ಸಂಗತಿಗಳನ್ನು ಬೇರೆ ಬೇರೆ ಇಟ್ಟು ನೋಡಬೇಕು: ವರದಿಗಳಲ್ಲಿ ಏನಿತ್ತು, ಕರಡಿನಲ್ಲಿ ಏನಿದೆ, ಈಗಾಗಲೇ ಜಾರಿಯಲ್ಲಿರುವುದು ಯಾವುದು. ಈ ಮೂರನ್ನು ಒಂದೇ ಹೆಸರಿನಲ್ಲಿ ಕರೆಯುತ್ತಾ ಬಂದದ್ದರಿಂದಲೇ ಅರ್ಧ ಜಗಳ ಹುಟ್ಟಿದೆ.

ಈ ಬೆಟ್ಟಸಾಲಿನ ಮೇಲೆ ಎಲ್ಲರ ಕಣ್ಣು ಏಕೆ

ತಪತಿ ನದಿಯ ದಕ್ಷಿಣದಿಂದ ಕನ್ಯಾಕುಮಾರಿಯ ತನಕ ಸುಮಾರು 1,600 ಕಿಲೋಮೀಟರ್ ಉದ್ದಕ್ಕೆ ಘಟ್ಟ ಚಾಚಿಕೊಂಡಿದೆ. ಗುಜರಾತ್, ಮಹಾರಾಷ್ಟ್ರ, ಗೋವಾ, ಕರ್ನಾಟಕ, ಕೇರಳ, ತಮಿಳುನಾಡು ಎಂಬ ಆರು ರಾಜ್ಯಗಳು ಇದನ್ನು ಹಂಚಿಕೊಂಡಿವೆ. ಸಮುದ್ರದ ಕಡೆಗೆ ಗೋಡೆಯಂತೆ ಕಡಿದು ನಿಂತು, ಪೂರ್ವಕ್ಕೆ ನಿಧಾನವಾಗಿ ಇಳಿಯುವುದು ಇದರ ರಚನೆ. ನೈಋತ್ಯ ಮುಂಗಾರಿನ ಮೋಡ ಈ ಗೋಡೆಗೆ ಬಡಿದು ಮೇಲೇರಿ ತಣ್ಣಗಾಗಿ ಸುರಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,600 ಮಿಲಿಮೀಟರ್ ಆಸುಪಾಸು ಮಳೆ. ಅಲ್ಲಿಂದ ರಸ್ತೆಯಲ್ಲಿ ಎರಡು ಗಂಟೆ ದೂರದ ಶಿವಮೊಗ್ಗಕ್ಕೆ ಬಂದರೆ ಸಾವಿರ ಮಿಲಿಮೀಟರಿನ ಸುತ್ತಮುತ್ತಕ್ಕೆ ಇಳಿಯುತ್ತದೆ. ಈ ಅಂತರವೇ ದಕ್ಷಿಣ ಭಾರತದ ನೀರಿನ ಲೆಕ್ಕ. ಮಳೆ ಬೀಳುವುದು ಕಿರಿದಾದ ಒಂದು ಪಟ್ಟಿಯ ಮೇಲೆ, ಆ ನೀರು ಬೇಕಾಗಿರುವುದು ಪೂರ್ವದ ವಿಶಾಲ ಒಣನಾಡಿಗೆ.

ಗೋದಾವರಿ, ಕೃಷ್ಣಾ, ಕಾವೇರಿ ಮೂರೂ ಇಲ್ಲೇ ಹುಟ್ಟುತ್ತವೆ. ಗಂಗಾಮೂಲದ ಆಸುಪಾಸಿನಿಂದಲೇ ತುಂಗೆ, ಭದ್ರೆ ಪೂರ್ವಕ್ಕೆ ಹೊರಟರೆ ನೇತ್ರಾವತಿ ಪಶ್ಚಿಮಕ್ಕೆ ಇಳಿಯುತ್ತಾಳೆ. ತುಂಗಭದ್ರೆಯ ನೀರು ಹೊಸಪೇಟೆಯ ಅಣೆಕಟ್ಟಿನಿಂದ ಆಂಧ್ರ, ತೆಲಂಗಾಣಗಳಿಗೂ ಹೋಗುತ್ತದೆ. ಕಾವೇರಿಯಲ್ಲಿ ಕರ್ನಾಟಕದ ಪಾಲು 284.75 ಟಿಎಂಸಿ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ನಿಗದಿ ಮಾಡಿತು. ಆ ಲೆಕ್ಕದ ಬಹುಪಾಲು ನೀರು ಕೊಡಗು, ಹಾಸನ, ವಯನಾಡಿನ ಬೆಟ್ಟಗಳಲ್ಲಿ ಸುರಿಯುವ ಮಳೆ. ಶರಾವತಿ, ಕಾಳಿ, ವಾರಾಹಿಯ ಜಲವಿದ್ಯುತ್ತು, ಸಕಲೇಶಪುರದಿಂದ 24 ಟಿಎಂಸಿ ನೀರನ್ನು ಪೂರ್ವಕ್ಕೆ ತಿರುಗಿಸುವ ಎತ್ತಿನಹೊಳೆ ಯೋಜನೆ, ಖಾನಾಪುರದ ಕಾಡಿನ ಕಳಸಾ ಬಂಡೂರಿ, ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವಿನ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲೆತ್ತಿ, ಮತ್ತೆ ಕೆಳಗೆ ಹರಿಸಿ ವಿದ್ಯುತ್ ತೆಗೆಯುವ ಯೋಜನೆ), ಇವೆಲ್ಲವೂ ಇದೇ ಪಟ್ಟಿಯೊಳಗೆ ಬರುತ್ತವೆ. ಮಂಗಳೂರು ಬಂದರಿನಿಂದ ಬೆಂಗಳೂರಿಗೆ ಬರುವ ಸರಕು ಶಿರಾಡಿಯನ್ನೋ ಚಾರ್ಮಾಡಿಯನ್ನೋ ಸಂಪಾಜೆಯನ್ನೋ ಹತ್ತಲೇಬೇಕು. ಮಳೆಗಾಲದಲ್ಲಿ ಒಂದು ಘಾಟಿ ಕುಸಿದರೆ ಉಳಿದವುಗಳ ಮೇಲೆ ಲಾರಿಗಳ ಸಾಲು ಬೆಳೆಯುತ್ತದೆ.

ಅಂದರೆ ಘಟ್ಟದ ಮೇಲೆ ಹಕ್ಕು ಕೇಳುವವರು ಅಲ್ಲಿ ವಾಸವಾಗಿರುವವರಿಗಿಂತ ಎಷ್ಟೋ ಪಟ್ಟು ಹೆಚ್ಚು. ನಿಯಮ ಮಾಡುವುದು ಬಯಲಿನ ಊರುಗಳು, ಅನುಭವಿಸುವುದು ಬೆಟ್ಟದ ಊರುಗಳು. ಮಲೆನಾಡಿನ ಸಿಟ್ಟಿಗೆ ಇದು ಮೊದಲ ಕಾರಣ, ಮತ್ತು ಆ ಸಿಟ್ಟು ನ್ಯಾಯವಾದದ್ದು.

ವರದಿಗಳು ಎರಡು

ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ತಜ್ಞರ ಸಮಿತಿಯನ್ನು ಕೇಂದ್ರ 2010ರಲ್ಲಿ ರಚಿಸಿತು. 2011ರ ಆಗಸ್ಟ್‌ನಲ್ಲಿ ಕೊಟ್ಟ ವರದಿಯಲ್ಲಿ ಆ ಸಮಿತಿ ಇಡೀ ಘಟ್ಟವನ್ನೇ ಪರಿಸರ ಸೂಕ್ಷ್ಮ ಎಂದು ಪರಿಗಣಿಸಿ, ಒಳಗೆ ಮೂರು ವಲಯ ಮಾಡಿತು. ವಲಯ ಒಂದರಲ್ಲಿ ಕಟ್ಟುನಿಟ್ಟು, ಎರಡರಲ್ಲಿ ಮಧ್ಯಮ, ಮೂರರಲ್ಲಿ ಸಡಿಲ. ಗುರುತಿಸಲು ಬಳಸಿದ್ದು ಸುಮಾರು 9 ಕಿಲೋಮೀಟರ್ ಉದ್ದ, 9 ಕಿಲೋಮೀಟರ್ ಅಗಲದ ಚೌಕಗಳು. ಒಂದು ಚೌಕದಲ್ಲಿ ಕಾಡೂ ಬರುತ್ತದೆ, ಪೇಟೆಯೂ ಬರುತ್ತದೆ. ರಾಸಾಯನಿಕ ಕೀಟನಾಶಕಗಳನ್ನು ಹಂತ ಹಂತವಾಗಿ ಬಿಡಬೇಕು, ಸರ್ಕಾರಿ ಜಮೀನನ್ನು ಖಾಸಗಿಗೆ ಪರಿವರ್ತಿಸಬಾರದು, ಹೊಸ ಗಿರಿಧಾಮ ಬೇಡ ಎಂಬ ಸಲಹೆಗಳು ಇದ್ದದ್ದು ಈ ವರದಿಯಲ್ಲಿ. ಕೊನೆಯ ತೀರ್ಮಾನ ಗ್ರಾಮಸಭೆಗಳದ್ದಾಗಬೇಕು ಎಂಬ ಸಲಹೆಯೂ ಇದರಲ್ಲೇ ಇತ್ತು. ವಿರೋಧದ ಗದ್ದಲದಲ್ಲಿ ಆ ಭಾಗ ಯಾರಿಗೂ ಕೇಳಿಸಲಿಲ್ಲ, ಅದು ದೊಡ್ಡ ನಷ್ಟ.

ರಾಜ್ಯಗಳು ಒಪ್ಪದಿದ್ದಾಗ ಕೇಂದ್ರ 2012ರಲ್ಲಿ ಇಸ್ರೋದ ಮಾಜಿ ಅಧ್ಯಕ್ಷ ಕೆ. ಕಸ್ತೂರಿರಂಗನ್ ನೇತೃತ್ವದಲ್ಲಿ ಇನ್ನೊಂದು ಸಮಿತಿ ಮಾಡಿತು. 2013ರ ಏಪ್ರಿಲ್‌ನಲ್ಲಿ ಬಂದ ಅದರ ವರದಿ ಮೂರು ವಲಯಗಳನ್ನು ಕೈಬಿಟ್ಟಿತು. ಜನ ಬಳಸುತ್ತಿರುವ ಭೂಭಾಗ ಮತ್ತು ನೈಸರ್ಗಿಕ ಭೂಭಾಗ ಎಂದು ಘಟ್ಟವನ್ನು ಎರಡಾಗಿ ಒಡೆದು, ನೈಸರ್ಗಿಕ ಭಾಗದಿಂದ ಆರಿಸಿ ಒಟ್ಟು ಘಟ್ಟದ ಶೇ 37ರಷ್ಟನ್ನು, ಅಂದರೆ 59,940 ಚದರ ಕಿಲೋಮೀಟರ್ ಅನ್ನು ಮಾತ್ರ ಸೂಕ್ಷ್ಮ ಪ್ರದೇಶ ಎಂದಿತು. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್, 10 ಜಿಲ್ಲೆಗಳ 1,576 ಹಳ್ಳಿಗಳು. ರಾಜ್ಯದ ಒಟ್ಟು ವಿಸ್ತೀರ್ಣದಲ್ಲಿ ಇದು ಶೇ 11ಕ್ಕೆ ಹತ್ತಿರ. ಹಳ್ಳಿಗಳ ಸಂಖ್ಯೆಯಲ್ಲಿ ಉತ್ತರ ಕನ್ನಡ, ಶಿವಮೊಗ್ಗ ಮುಂದಿವೆ.

ಕೀಟನಾಶಕ ನಿಲ್ಲಿಸುತ್ತಾರೆ ಎಂದು ಇಂದಿಗೂ ಹೇಳುವವರು ಮೊದಲ ವರದಿಯ ಮಾತನ್ನು ಎರಡನೆಯದಕ್ಕೆ ಅಂಟಿಸುತ್ತಿದ್ದಾರೆ. ಕರಡು ಅಧಿಸೂಚನೆ ನಿಂತಿರುವುದು ಕಸ್ತೂರಿರಂಗನ್ ವರದಿಯ ಮೇಲೆ. ಗಾಡ್ಗೀಳ್ ವರದಿಗೆ ಕಾನೂನಿನ ಬಲ ಎಂದೂ ಬಂದಿಲ್ಲ.

ನಿಮ್ಮ ಹಳ್ಳಿ ಪಟ್ಟಿಗೆ ಸೇರಿದ್ದು ಹೇಗೆ

ಹಳ್ಳಿ ಆರಿಸಿದ ಕ್ರಮವನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ನಿಜವಾದ ತಪ್ಪು ಇರುವುದು ಇಲ್ಲಿ.

ಸಮಿತಿ ಬಳಸಿದ್ದು ಉಪಗ್ರಹ ಚಿತ್ರ. ಅದರ ಒಂದು ಚುಕ್ಕೆ ನೆಲದ ಮೇಲೆ 24 ಮೀಟರ್ ಉದ್ದ, 24 ಮೀಟರ್ ಅಗಲ. ನಮ್ಮ ಅಳತೆಯಲ್ಲಿ ಸುಮಾರು ಐದೂಮುಕ್ಕಾಲು ಗುಂಟೆ. ಅಷ್ಟು ಜಾಗದ ಸರಾಸರಿ ಬಣ್ಣವನ್ನು ಯಂತ್ರ ಓದಿ, ಇದು ಕಾಡು, ಇದು ಬೆಳೆ, ಇದು ಊರು ಎಂದು ವಿಂಗಡಿಸುತ್ತದೆ. ಬಯಲಿನ ಗದ್ದೆಯಲ್ಲಿ ಇದು ಸುಲಭ. ಘಟ್ಟದಲ್ಲಿ ಕಷ್ಟ. ಕೊಡಗು, ಮೂಡಿಗೆರೆ, ಸಕಲೇಶಪುರದ ಕಾಫಿ ತೋಟದಲ್ಲಿ ಮೇಲೆ ಹಲಸು, ನಂದಿ, ಮತ್ತಿ, ಅತ್ತಿಯಂಥ ನೆರಳು ಮರಗಳಿರುತ್ತವೆ, ಅವುಗಳ ಕಾಂಡಕ್ಕೆ ಮೆಣಸಿನ ಬಳ್ಳಿ ಹಬ್ಬಿರುತ್ತದೆ, ಕಾಫಿ ಗಿಡ ಇರುವುದು ಅದರಡಿ. ಮೇಲಿನಿಂದ ಕಾಣುವುದು ಮರದ ತಲೆಗಳು ಮಾತ್ರ. ಏಲಕ್ಕಿ ತೋಟವೂ ಹಾಗೆಯೇ, ಸಿರಸಿ ಸಿದ್ದಾಪುರದಲ್ಲಿ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟವೂ ಹಾಗೆಯೇ. ಕೃಷಿಕ ಮರ ಉಳಿಸಿಕೊಂಡಷ್ಟೂ ಅವನ ತೋಟ ಕಾಡಾಗಿ ಕಾಣುತ್ತದೆ. ಪಕ್ಕದ ಊರಿನಲ್ಲಿ ಮರ ಕಡಿದು ಬೋಳು ಮಾಡಿದವನ ಜಮೀನು ಕೃಷಿ ಎಂದು ಸಲೀಸಾಗಿ ಹೊರಗುಳಿಯುತ್ತದೆ. ಮರ ಸಾಕಿದ್ದಕ್ಕೆ ಈ ಬಹುಮಾನವೇ ಎಂದು ಬೆಳೆಗಾರ ಕೇಳಿದರೆ ಅದಕ್ಕೆ ಸಮಾಧಾನದ ಉತ್ತರ ಯಾರ ಬಳಿಯೂ ಇಲ್ಲ.

ಎರಡನೆಯ ಹೆಜ್ಜೆ ಇನ್ನೂ ಒರಟು. ಒಂದು ಹಳ್ಳಿಯ ವಿಸ್ತೀರ್ಣದಲ್ಲಿ ಶೇ 20 ಅಥವಾ ಹೆಚ್ಚು ಭಾಗ ಸೂಕ್ಷ್ಮ ಎಂದು ಕಂಡರೆ ಇಡೀ ಹಳ್ಳಿಯೇ ಪಟ್ಟಿಗೆ ಸೇರಿತು. ಸಾವಿರ ಎಕರೆಯ ಕಂದಾಯ ಗ್ರಾಮ ಒಂದಿದೆ ಎನ್ನಿ. ಅದರ ಬೆಟ್ಟದ ತುದಿಯಲ್ಲಿ 200 ಎಕರೆ ಮೀಸಲು ಅರಣ್ಯ, ಉಳಿದ 800 ಎಕರೆ ಗದ್ದೆ, ತೋಟ, ಮನೆ, ಶಾಲೆ, ದೇವಸ್ಥಾನ. ಪಟ್ಟಿಯಲ್ಲಿ ಬರುವುದು ಸಾವಿರ ಎಕರೆಯೂ. ಹಳ್ಳಿಯನ್ನು ಘಟಕ ಮಾಡಿಕೊಂಡದ್ದಕ್ಕೆ ಆಡಳಿತದ ಕಾರಣವಿತ್ತು, ಗಡಿ ಸ್ಪಷ್ಟವಿರುತ್ತದೆ ಮತ್ತು ಗ್ರಾಮಸಭೆಯನ್ನು ಕೇಳಬಹುದು. ಆದರೆ ಜನ ತಮ್ಮ ಊರಿನ ಹೆಸರು ನೋಡಿದಾಗ ಓದಿಕೊಂಡದ್ದು ‘ನಮ್ಮ ಮನೆ ಕಾಡಾಯಿತು’ ಎಂದು.

ಕೇರಳ ಇದಕ್ಕೆ ಬೇರೆ ದಾರಿ ಹಿಡಿಯಿತು. ಉಮ್ಮನ್ ವಿ. ಉಮ್ಮನ್ ಅಧ್ಯಕ್ಷತೆಯಲ್ಲಿ ತನ್ನದೇ ಸಮಿತಿ ಮಾಡಿ, ನೆಲದ ಮೇಲೆ ಪರಿಶೀಲಿಸಿ, ಜನವಸತಿ ಮತ್ತು ತೋಟಗಳನ್ನು ಬೇರ್ಪಡಿಸಿತು. 13,108 ಚದರ ಕಿಲೋಮೀಟರ್ ಇದ್ದದ್ದು 9,993.7ಕ್ಕೆ ಇಳಿಯಿತು, ಮತ್ತು 2014ರ ಮೊದಲ ಕರಡು ಅದನ್ನು ಒಪ್ಪಿಕೊಂಡಿತು. ಆರು ರಾಜ್ಯಗಳ ಒಟ್ಟು ಲೆಕ್ಕ 59,940ರಿಂದ 56,825ಕ್ಕೆ ಬಂದದ್ದು ಈ ಒಂದು ಕಡಿತದಿಂದ. ಕರ್ನಾಟಕದಲ್ಲೂ ಸಂಪುಟ ಉಪಸಮಿತಿ ಆಗಿತ್ತು, ಗ್ರಾಮ ಮಟ್ಟದಲ್ಲಿ ಅಭಿಪ್ರಾಯ ಸಂಗ್ರಹವೂ ನಡೆಯಿತು. ಆದರೆ ನಮ್ಮ ಅಂಕಿ 20,668 ಇದ್ದಲ್ಲೇ ಇದೆ.

ಕರಡಿನಲ್ಲಿ ಇರುವುದು, ಇಲ್ಲದಿರುವುದು

ಪೂರ್ಣ ನಿಷೇಧ ಇರುವುದು ಗಣಿಗಾರಿಕೆ, ಕಲ್ಲು ಕ್ವಾರಿ ಮತ್ತು ಮರಳುಗಾರಿಕೆಗೆ. ಅಂತಿಮ ಅಧಿಸೂಚನೆ ಬಂದ ದಿನದಿಂದ ಐದು ವರ್ಷದೊಳಗೆ, ಅಥವಾ ಗುತ್ತಿಗೆ ಮುಗಿದಾಗ, ಯಾವುದು ಮೊದಲೋ ಆಗ ಹಳೆಯ ಗಣಿಗಳೂ ನಿಲ್ಲಬೇಕು. ಹೊಸ ಉಷ್ಣ ವಿದ್ಯುತ್ ಸ್ಥಾವರ ಇಲ್ಲ. ‘ಕೆಂಪು’ ವರ್ಗದ, ಅಂದರೆ ಅತಿ ಹೆಚ್ಚು ಮಾಲಿನ್ಯದ, ಹೊಸ ಕೈಗಾರಿಕೆ ಇಲ್ಲ. ಸಿಮೆಂಟ್, ಡಿಸ್ಟಿಲರಿ, ಚರ್ಮ ಹದ ಮಾಡುವ ಘಟಕಗಳಂಥವು ಈ ವರ್ಗಕ್ಕೆ ಸೇರುತ್ತವೆ. 20,000 ಚದರ ಮೀಟರ್ ಮತ್ತು ಹೆಚ್ಚಿನ ಕಟ್ಟಡ, 50 ಹೆಕ್ಟೇರ್ ಮತ್ತು ಹೆಚ್ಚಿನ ಅಥವಾ 1,50,000 ಚದರ ಮೀಟರ್ ಕಟ್ಟಡದ ಟೌನ್‌ಶಿಪ್‌ಗಳಿಗೆ ಅವಕಾಶವಿಲ್ಲ.

ಜಲವಿದ್ಯುತ್ತಿಗೆ ನಿಷೇಧವಿಲ್ಲ, ಷರತ್ತುಗಳಿವೆ. ಬೇಸಿಗೆಯಲ್ಲೂ ನದಿಯ ಹರಿವಿನ ಕನಿಷ್ಠ ಶೇ 30 ಹರಿಯುತ್ತಿರಬೇಕು, ಒಂದು ಯೋಜನೆಗೂ ಇನ್ನೊಂದಕ್ಕೂ ಕನಿಷ್ಠ 3 ಕಿಲೋಮೀಟರ್ ಅಂತರ ಬೇಕು, ಕಣಿವೆಯ ಅರ್ಧಕ್ಕಿಂತ ಹೆಚ್ಚು ಭಾಗ ಬಾಧಿತವಾಗಬಾರದು. ಹಾಗಾಗಿ ಸೂಕ್ಷ್ಮ ಪ್ರದೇಶವಾದರೆ ಶರಾವತಿಯ ಪಂಪ್ಡ್ ಸ್ಟೋರೇಜ್ ತಾನಾಗಿ ನಿಲ್ಲುತ್ತದೆ ಎಂದು ಪರಿಸರ ಪರರು ಭಾವಿಸಿದ್ದರೆ ಅದೂ ಸರಿಯಲ್ಲ. ಅದರ ಹಣೆಬರಹ ಬರೆಯುವುದು ವನ್ಯಜೀವಿ ಮತ್ತು ಅರಣ್ಯ ಕಾಯ್ದೆಗಳಡಿಯ ಅನುಮತಿಗಳು, ಏಕೆಂದರೆ ಅದು ಸಿಂಗಳೀಕಗಳ ಅಭಯಾರಣ್ಯದೊಳಗೆ ಬರುತ್ತದೆ.

ಇನ್ನು ಇಲ್ಲದಿರುವುದು: ಒಕ್ಕಲೆಬ್ಬಿಸುವ ಯಾವ ಮಾತೂ ಕರಡಿನಲ್ಲಿಲ್ಲ. ಇರುವ ಮನೆಯ ದುರಸ್ತಿಗೆ, ವಿಸ್ತರಣೆಗೆ ಅಡ್ಡಿಯಿಲ್ಲ. ಜಮೀನು ಮಾರಾಟಕ್ಕೆ, ಪಾಲು ಪಾರಿಕತ್ತಿಗೆ ತಡೆಯಿಲ್ಲ. ಕೃಷಿ, ತೋಟಗಾರಿಕೆ ಈಗಿನಂತೆ ನಡೆಯುತ್ತದೆ. 20,000 ಚದರ ಮೀಟರ್ ಎಂದರೆ 2.15 ಲಕ್ಷ ಚದರ ಅಡಿ. ಹಳ್ಳಿಯ ಯಾವ ಮನೆಯೂ ಅದರ ಹತ್ತಿರಕ್ಕೆ ಬರುವುದಿಲ್ಲ.

ಹಾಗೆಂದು ಜನಸಾಮಾನ್ಯರಿಗೆ ಏನೂ ತೊಂದರೆಯಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಕರಾವಳಿ ಮತ್ತು ಘಟ್ಟದ ತಪ್ಪಲಿನಲ್ಲಿ ಮನೆ ಏಳುವುದು ಕೆಂಪುಕಲ್ಲಿನಿಂದ, ಹೊಳೆಯ ಮರಳಿನಿಂದ. ಎರಡೂ ನಿಷೇಧದ ಪಟ್ಟಿಯಲ್ಲಿವೆ. ದೂರದಿಂದ ಲಾರಿಯಲ್ಲಿ ತರಿಸಿದರೆ ಕಲ್ಲಿಗಿಂತ ಬಾಡಿಗೆಯೇ ಭಾರವಾಗುತ್ತದೆ. ಇಲ್ಲವಾದರೆ ರಾತ್ರಿ ಹೊತ್ತು ಕದ್ದು ತೆಗೆದ ಮರಳನ್ನು ಮೂರು ಪಟ್ಟು ಬೆಲೆಗೆ ಕೊಳ್ಳುವ ಸ್ಥಿತಿ ಬರುತ್ತದೆ. ಮನೆ ಕಟ್ಟಬಹುದು ಎಂದು ಕಾಗದ ಹೇಳುವಾಗ ಕಟ್ಟುವ ಸಾಮಗ್ರಿ ಎಲ್ಲಿಂದ ಎಂಬುದನ್ನೂ ಅದೇ ಕಾಗದ ಹೇಳಬೇಕಿತ್ತು. ಸ್ವಂತ ಬಳಕೆಯ ಸಣ್ಣ ಪ್ರಮಾಣಕ್ಕೂ ಗುತ್ತಿಗೆ ಗಣಿಗೂ ಇರುವ ವ್ಯತ್ಯಾಸವನ್ನು ಕರಡು ಬಿಡಿಸಿ ಹೇಳಬೇಕು ಎಂಬ ಆಕ್ಷೇಪ ತೂಕದ್ದು.

ಬಹಳ ಜನಕ್ಕೆ ಗೊತ್ತಿಲ್ಲದ ಆದೇಶ

2013ರ ನವೆಂಬರ್ 13ರಂದು ಕೇಂದ್ರ ಪರಿಸರ ಸಚಿವಾಲಯ, 1986ರ ಪರಿಸರ ಸಂರಕ್ಷಣಾ ಕಾಯ್ದೆಯ 5ನೇ ಸೆಕ್ಷನ್ ಅಡಿ ಒಂದು ನಿರ್ದೇಶನ ಹೊರಡಿಸಿತು. ಕಸ್ತೂರಿರಂಗನ್ ವರದಿ ಗುರುತಿಸಿದ ಪ್ರದೇಶದಲ್ಲಿ ಐದು ಬಗೆಯ ಹೊಸ ಯೋಜನೆಗಳನ್ನು ತಕ್ಷಣದಿಂದ ನಿಷೇಧಿಸಿತು: ಗಣಿ-ಕ್ವಾರಿ-ಮರಳು, ಉಷ್ಣ ವಿದ್ಯುತ್, 20,000 ಚದರ ಮೀಟರಿನ ಕಟ್ಟಡ, ಟೌನ್‌ಶಿಪ್, ಕೆಂಪು ವರ್ಗದ ಕೈಗಾರಿಕೆ. 2013ರ ಏಪ್ರಿಲ್ 17ಕ್ಕೆ ಮುಂಚೆ ಅರ್ಜಿ ಸಲ್ಲಿಸಿದವರಿಗೆ ಮಾತ್ರ ವಿನಾಯಿತಿ.

ಅಂತಿಮ ಅಧಿಸೂಚನೆ ಬರಲಿ ಬಾರದಿರಲಿ, ಈ ನಿರ್ದೇಶನ ತನ್ನ ಪಾಡಿಗೆ ನಡೆಯುತ್ತಿದೆ. ರಾಜ್ಯ ಸಚಿವ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿದಾಗ ಮಲೆನಾಡು ಬಿಡುಗಡೆಯಾಯಿತು ಎಂದು ಸಂಭ್ರಮಿಸಿದವರಿದ್ದರು. ಆ ತಿರಸ್ಕಾರಕ್ಕೆ ಕೇಂದ್ರದ ನಿರ್ದೇಶನವನ್ನು ರದ್ದು ಮಾಡುವ ಶಕ್ತಿಯಿಲ್ಲ. ಅದು ರಾಜ್ಯದ ಅಭಿಪ್ರಾಯ ಅಷ್ಟೆ. ಅಧಿಸೂಚನೆಯ ಅಧಿಕಾರ ಕೇಂದ್ರದ್ದು. ಕೇರಳದ ಪ್ರವಾಹದ ನಂತರ, 2018ರ ಆಗಸ್ಟ್‌ನಲ್ಲಿ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೂಡ ಕರಡಿನ ಪ್ರದೇಶವನ್ನು ತನ್ನನ್ನು ಕೇಳದೆ ಕುಗ್ಗಿಸಬಾರದು ಎಂದಿತ್ತು.

ಹಾಗಾದರೆ ಅಂತಿಮ ಅಧಿಸೂಚನೆಯಿಂದ ಹೊಸದಾಗಿ ಸೇರುವುದು ಏನು? ಹಳೆಯ ಗಣಿಗಳಿಗೆ ಐದು ವರ್ಷದ ಗಡುವು, ಜಲವಿದ್ಯುತ್ತಿನ ಷರತ್ತುಗಳು, ಉಸ್ತುವಾರಿಯ ವ್ಯವಸ್ಥೆ, ಅರಣ್ಯ ಭೂಮಿ ಕೇಳುವ ಯೋಜನೆಗೆ ಗ್ರಾಮಸಭೆಯ ಪೂರ್ವಾನುಮತಿ. ಹೆದರಿಕೆ ಹುಟ್ಟಿಸುವ ದೊಡ್ಡ ನಿಷೇಧಗಳೆಲ್ಲ ಒಂದು ದಶಕಕ್ಕೂ ಮಿಕ್ಕಿ ಜಾರಿಯಲ್ಲೇ ಇವೆ. ಆ ಅವಧಿಯಲ್ಲಿ ಯಾರ ತೋಟವೂ ಇದೇ ಕಾರಣಕ್ಕೆ ಕೈತಪ್ಪಿದ್ದಿಲ್ಲ.

ಒಂದು ಕರಡು ಎಷ್ಟು ದಿನ ಬದುಕುತ್ತದೆ ಎಂಬ ಲೆಕ್ಕವೂ ನೋಡುವಂಥದ್ದು. ಕರಡು ಹೊರಟ 545 ದಿನದೊಳಗೆ ಅಂತಿಮ ಮಾಡಬೇಕು ಎಂಬ ನಿಯಮವಿತ್ತು. ಮೊದಲ ಕರಡು 2014ರ ಮಾರ್ಚ್ 10ರಂದು ಬಂತು, ಎರಡನೆಯದು 2015ರ ಸೆಪ್ಟೆಂಬರ್ 4ರಂದು. ಎಣಿಸಿದರೆ 543 ದಿನ. ಮೂರನೆಯದು 2017ರ ಫೆಬ್ರುವರಿ 27ರಂದು, 542 ದಿನಕ್ಕೆ. ಎರಡೂ ಸಲ ಸಾಯುವ ಎರಡು ಮೂರು ದಿನ ಮುಂಚೆ ಸಚಿವಾಲಯ ಮತ್ತೆ ಜೀವ ತುಂಬಿತು. ಆಮೇಲೆ 2018ರ ಅಕ್ಟೋಬರ್ 3, 2022ರ ಜುಲೈ 6, 2024ರ ಜುಲೈ 31. ಅವಧಿ ಈಗ 725 ದಿನ. ಆರನೆಯದಕ್ಕೆ ಅದು 2026ರ ಜುಲೈ ಕೊನೆಯ ವಾರಕ್ಕೆ ಮುಗಿಯುತ್ತದೆ. ಎರಡು ವರ್ಷಕ್ಕೊಮ್ಮೆ ಸುದ್ದಿ, ಸಭೆ, ಬಂದ್ ಮರುಕಳಿಸುವುದರ ಹಿಂದೆ ಇರುವುದು ಈ ಗಡಿಯಾರ.

ಅಂಜಿಕೆಯ ಬೇರು ಪಹಣಿಯಲ್ಲಿದೆ

ಕರಡಿನಲ್ಲಿ ಇಲ್ಲದ್ದಕ್ಕೆ ಜನ ಯಾಕೆ ಹೆದರುತ್ತಾರೆ? ತಿಳಿವಳಿಕೆ ಸಾಲದು ಎಂದು ಅಧಿಕಾರಿಗಳು ಹೇಳುವುದುಂಟು. ಅದು ಜನರಿಗೆ ಮಾಡುವ ಅನ್ಯಾಯ. ಮಲೆನಾಡಿನ ರೈತನ ಅನುಭವದಲ್ಲಿ ನಕಾಶೆಯ ಮೇಲೆ ಎಳೆದ ಪ್ರತಿಯೊಂದು ಗೆರೆಯೂ ಕೊನೆಗೆ ಅವನ ಜಮೀನನ್ನೇ ಮುಟ್ಟಿದೆ.

ಇಲ್ಲಿ ಜಮೀನಿನ ಸ್ವರೂಪವೇ ಬೇರೆ. ಹಿಡುವಳಿ ತೋಟಕ್ಕೆ ಅಂಟಿಕೊಂಡು ಸೊಪ್ಪಿನ ಬೆಟ್ಟ, ಕುಮ್ಕಿ, ಕಾನು, ಬಾಣೆ ಇರುತ್ತವೆ. ಸೊಪ್ಪು, ದರಕು, ಸೌದೆ ತರುವ ಹಕ್ಕು ಕೃಷಿಕನದು, ಒಡೆತನ ಸರ್ಕಾರದ್ದು. ಬಗರ್ ಹುಕುಂ ಅರ್ಜಿ ಹಾಕಿ ತಲೆಮಾರುಗಟ್ಟಲೆ ಕಾದವರಿದ್ದಾರೆ. ಲಿಂಗನಮಕ್ಕಿಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟು ಕಾಡಿನಲ್ಲಿ ನೆಲೆ ಕಂಡ ಶರಾವತಿ ಸಂತ್ರಸ್ತರು ಇಂದಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆ ಬುಡಕಟ್ಟಿನವರಲ್ಲದ ಪಾರಂಪರಿಕ ಅರಣ್ಯವಾಸಿಗಳಿಂದ ಮೂರು ತಲೆಮಾರಿನ, ಅಂದರೆ 75 ವರ್ಷದ ದಾಖಲೆ ಕೇಳುತ್ತದೆ. ಅಷ್ಟು ಹಿಂದಿನ ಕಾಗದ ಯಾರ ಮನೆಯ ಪೆಟ್ಟಿಗೆಯಲ್ಲಿದೆ? ಇದರ ಮೇಲೆ ಮೀಸಲು ಅರಣ್ಯ ಮಾಡುವ ಉದ್ದೇಶ ಸಾರುವ ಕರ್ನಾಟಕ ಅರಣ್ಯ ಕಾಯ್ದೆಯ ಸೆಕ್ಷನ್ 4ರ ಅಧಿಸೂಚನೆಗಳು, ದಾಖಲೆಯಲ್ಲಿ ಅರಣ್ಯವಲ್ಲದಿದ್ದರೂ ಅರಣ್ಯವೆಂದೇ ಪರಿಗಣಿಸುವ ಜಾಗಗಳ ಡೀಮ್ಡ್ ಫಾರೆಸ್ಟ್ ಪಟ್ಟಿ, ಅಭಯಾರಣ್ಯದ ಸುತ್ತಲಿನ ಪರಿಸರ ಸೂಕ್ಷ್ಮ ವಲಯ. ಇವು ಒಂದೊಂದೂ ಬೇರೆ ಕಾನೂನು, ಬೇರೆ ಇಲಾಖೆ, ಬೇರೆ ಪರಿಣಾಮ. ಒತ್ತುವರಿ ನೋಟಿಸು ಬರುವುದು ಅರಣ್ಯ ಕಾಯ್ದೆಯಡಿ. ಸೂಕ್ಷ್ಮ ಪ್ರದೇಶದ ಕರಡಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ನೋಟಿಸು ಕೈಗೆ ಬಂದವನಿಗೆ ಹೆಸರು ಯಾವುದಾದರೇನು?

ಡೀಮ್ಡ್ ಫಾರೆಸ್ಟ್ ವಿಚಾರದಲ್ಲಿ ಒಂದು ಪಾಠವಿದೆ. ಮೊದಲು 9.94 ಲಕ್ಷ ಹೆಕ್ಟೇರ್ ಎಂದು ಕೋರ್ಟಿಗೆ ಹೇಳಿದ್ದ ರಾಜ್ಯ, ಮರುಪರಿಶೀಲನೆ ಮಾಡಿ 2022ರಲ್ಲಿ ಸುಮಾರು 3.3 ಲಕ್ಷ ಹೆಕ್ಟೇರಿಗೆ ಇಳಿಸಿತು. ಸರ್ವೆ ನಂಬರ್ ಹಿಡಿದು ನೆಲಕ್ಕಿಳಿದರೆ ನಕಾಶೆ ಎಷ್ಟು ಬದಲಾಗಬಹುದು ಎಂಬುದಕ್ಕೆ ಇದೇ ಸಾಕ್ಷಿ. 1,576 ಹಳ್ಳಿಗಳಿಗೂ ಅದೇ ಕೆಲಸ ಆಗಬಹುದಿತ್ತು.

ಯಾರ ವಾದ ಏನು

ರಾಜ್ಯ ಸರ್ಕಾರದ ವಾದ: ಪಟ್ಟಿಯ ಬಹುಪಾಲು ಈಗಾಗಲೇ ರಾಷ್ಟ್ರೀಯ ಉದ್ಯಾನ, ಹುಲಿ ಮೀಸಲು, ಅಭಯಾರಣ್ಯ, ಮೀಸಲು ಅರಣ್ಯ, ರಕ್ಷಣೆಗೆ ಇರುವ ಕಾನೂನು ಸಾಕು. ಈ ವಾದಕ್ಕೆ ಒಂದು ಒಳಬಿರುಕು ಇದೆ. ಬಹುಪಾಲು ಹೇಗೂ ರಕ್ಷಿತವಾಗಿದ್ದರೆ ಅಲ್ಲಿ ಸೂಕ್ಷ್ಮ ಪ್ರದೇಶ ಎಂದರೂ ಯಾರಿಗೂ ನಷ್ಟವಿಲ್ಲ. ಜಗಳ ಉಳಿಯುವುದು ಕಂದಾಯ ಮತ್ತು ಹಿಡುವಳಿ ಜಮೀನಿಗೆ ಮಾತ್ರ. ಅಷ್ಟನ್ನು ಬೇರ್ಪಡಿಸಿ ಮಾತಾಡುವುದು ಬಿಟ್ಟು ಇಡೀ ವರದಿ ಬೇಡ ಎಂದರೆ ಕೇಂದ್ರದ ಮುಂದೆ ಪರ್ಯಾಯ ಅಂಕಿಯೇ ಇರುವುದಿಲ್ಲ.

ಪರಿಸರ ಸಂಘಟನೆಗಳ ವಾದ: ಕರಡನ್ನು ಎಳೆದಷ್ಟೂ ಕ್ವಾರಿ, ರೆಸಾರ್ಟ್, ರಸ್ತೆಗಳು ಬೆಟ್ಟ ತಿನ್ನುತ್ತವೆ. ಹಳೆಯ ಉದಾಹರಣೆಯಾಗಿ ಅವರು ಕುದುರೆಮುಖವನ್ನು ತೋರಿಸುತ್ತಾರೆ. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಅಲ್ಲಿ ಅದಿರು ತೆಗೆಯುವುದು ನಿಂತಿತು. ಕಾಡು ಉಳಿಯಿತು, ಆದರೆ ಗಣಿಯನ್ನೇ ನಂಬಿದ್ದ ಊರು ಬರಿದಾಯಿತು. ಎರಡೂ ಪಕ್ಷದವರು ಅದೇ ಊರನ್ನು ಸಾಕ್ಷಿಗೆ ಕರೆಯುತ್ತಾರೆ.

ಬೆಟ್ಟದ ಜನರ ಮೂರನೆಯ ವಾದಕ್ಕೆ ಹೆಚ್ಚು ಕಿವಿಗೊಡಬೇಕು: ನೀರು ಕುಡಿಯುವವರು ಬಯಲಿನವರು, ಕಾಯುವ ಖರ್ಚು ನಮ್ಮದು. ಕಸ್ತೂರಿರಂಗನ್ ವರದಿಯಲ್ಲೂ ಘಟ್ಟಕ್ಕಾಗಿ ವಿಶೇಷ ನಿಧಿಯ, ಪರಿಸರ ಸೇವೆಗೆ ಹಣ ಕೊಡುವ ಸಲಹೆಗಳಿದ್ದವು. ನಿಷೇಧಗಳು ಕರಡಿಗೆ ಬಂದವು, ಹಣದ ಭರವಸೆ ಹಿಂದೆ ಉಳಿಯಿತು. 2024ರ ನವೆಂಬರ್‌ನಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆ, ಘಟ್ಟದ ನದಿನೀರು ಬಳಸುವ ಪಟ್ಟಣಗಳ ನೀರಿನ ಬಿಲ್ಲಿಗೆ ಎರಡು ಮೂರು ರೂಪಾಯಿಯ ಹಸಿರು ಸೆಸ್ ಸೇರಿಸುವ ಪ್ರಸ್ತಾವ ಸಿದ್ಧಪಡಿಸಲು ಸೂಚಿಸಿದ್ದರು. ಆ ಹಣ ನೇರವಾಗಿ ಮರ ಉಳಿಸಿದ ಹಿಡುವಳಿದಾರನಿಗೆ ಹೋಗುವಂತೆ ರೂಪಿಸಿದ್ದರೆ ಚರ್ಚೆಯ ದಿಕ್ಕೇ ಬದಲಾಗುತ್ತಿತ್ತು.

ಮತಪೆಟ್ಟಿಗೆಯ ಲೆಕ್ಕ ಬೇರೆ ಇದೆ. ಕೇರಳದ ಇಡುಕ್ಕಿಯಲ್ಲಿ ವರದಿಯ ವಿರುದ್ಧ ನಡೆದ 2013ರ ಚಳವಳಿಯ ಬೆನ್ನಿಗೇ ನಡೆದ 2014ರ ಲೋಕಸಭಾ ಚುನಾವಣೆಯಲ್ಲಿ ವರದಿ ವಿರೋಧಿ ಹೋರಾಟದ ಜಾಯ್ಸ್ ಜಾರ್ಜ್ ಎಡರಂಗದ ಬೆಂಬಲದಿಂದ ಪಕ್ಷೇತರರಾಗಿ ಗೆದ್ದರು. ಆ ಫಲಿತಾಂಶವನ್ನು ಆರೂ ರಾಜ್ಯಗಳ ಪಕ್ಷಗಳು ಮರೆತಿಲ್ಲ. ಕರ್ನಾಟಕದಲ್ಲಿ ಯಾವ ಪಕ್ಷ ಅಧಿಕಾರದಲ್ಲಿದ್ದರೂ ಉತ್ತರ ಬದಲಾಗದಿರುವುದಕ್ಕೆ ಇದೇ ಕಾರಣ.

ಕುಸಿತವನ್ನು ಕರಡು ತಡೆಯುತ್ತದೆಯೇ

ಭಾಗಶಃ ಮಾತ್ರ. ಗುಡ್ಡ ಹೇಗೆ ಜಾರುತ್ತದೆ ನೋಡಿ. ಕರಾವಳಿ ಮತ್ತು ಘಟ್ಟದ ಎಷ್ಟೋ ಇಳಿಜಾರುಗಳಲ್ಲಿ ಮೇಲೆ ಮುರಕಲ್ಲು (ಕೆಂಪುಕಲ್ಲು), ಅದರಡಿ ನುಣುಪಾದ ಶೇಡಿ ಮಣ್ಣು, ಅದಕ್ಕೂ ಕೆಳಗೆ ಗಟ್ಟಿ ಶಿಲೆ. ಮಳೆನೀರು ಮುರಕಲ್ಲಿನ ತೂತುಗಳಲ್ಲಿ ಸಲೀಸಾಗಿ ಇಳಿಯುತ್ತದೆ, ಶೇಡಿ ಮಣ್ಣಿನಲ್ಲಿ ತಡೆದು ನಿಲ್ಲುತ್ತದೆ. ದಿನಗಟ್ಟಲೆ ಸುರಿದಾಗ ಮಣ್ಣಿನ ಕಣಗಳ ನಡುವೆ ನೀರಿನ ಒತ್ತಡ ಏರಿ, ಒಂದಕ್ಕೊಂದು ಹಿಡಿದುಕೊಳ್ಳುವ ಶಕ್ತಿ ಹೋಗುತ್ತದೆ. ಆದರೂ ಬುಡ ಗಟ್ಟಿಯಿದ್ದರೆ ಗುಡ್ಡ ನಿಲ್ಲುತ್ತದೆ. ರಸ್ತೆಗೆಂದೋ ಮನೆಯ ತಳಕ್ಕೆಂದೋ ಜೆಸಿಬಿ ಬುಡವನ್ನು ನೇರ ಗೋಡೆಯಂತೆ ಕಡಿದರೆ ಮೇಲಿನ ಭಾರಕ್ಕೆ ಆಸರೆ ತಪ್ಪುತ್ತದೆ. ಮಳೆಗಾಲದಲ್ಲಷ್ಟೇ ಹರಿಯುವ ಸಣ್ಣ ಹಳ್ಳವನ್ನು ಮುಚ್ಚಿದರೆ ನೀರಿಗೆ ದಾರಿಯಿಲ್ಲದೆ ಒಳಗೇ ಸೇರುತ್ತದೆ. ಗುಡ್ಡದ ನೆತ್ತಿಯಲ್ಲಿ ಇಂಗುಗುಂಡಿ ತೋಡುವುದೂ ಇಂಥ ಕಡೆ ಅಪಾಯ. ನೆಲದಲ್ಲಿ ಅಡ್ಡ ಬಿರುಕು, ಮರಗಳ ವಾಲುವಿಕೆ, ಒರತೆಯ ನೀರು ದಿಢೀರ್ ಕೆಂಪಾಗುವುದು ಅಥವಾ ನಿಂತುಹೋಗುವುದು, ಇವು ಕಂಡರೆ ಆ ರಾತ್ರಿ ಅಲ್ಲಿ ಮಲಗಬಾರದು.

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಆದ ಕುಸಿತಗಳಿಗೆ ಇಳಿಜಾರಿನ ಕಡಿತ ದೊಡ್ಡ ಕಾರಣ ಎಂದು ಭೂವಿಜ್ಞಾನಿಗಳು ಹೇಳಿದ್ದರು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಬಿದ್ದದ್ದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ, ಗಂಗಾವಳಿ ನದಿಯ ದಡದಲ್ಲಿ. ಕರಡಿನ ನಿಷೇಧ ಪಟ್ಟಿಯಲ್ಲಿ ಹೆದ್ದಾರಿ ಇಲ್ಲ. ತಲಾ ಸಾವಿರ ಚದರ ಅಡಿಯ 80 ಕಾಟೇಜುಗಳ ರೆಸಾರ್ಟ್ ಕಟ್ಟಿದರೂ 80,000 ಚದರ ಅಡಿ, ನಿಷೇಧದ ಮಿತಿಯ ಅರ್ಧಕ್ಕೂ ಬರುವುದಿಲ್ಲ. ಕ್ವಾರಿಯ ಸ್ಫೋಟ ಮತ್ತು ದೊಡ್ಡ ಗಣಿಯನ್ನು ಕರಡು ತಡೆಯುತ್ತದೆ, ಅದು ಚಿಕ್ಕ ಲಾಭವಲ್ಲ. ಆದರೆ ಇಳಿಜಾರಿನ ಕೋನ, ಕಡಿತದ ಎತ್ತರ, ಹಳ್ಳದಿಂದ ಬಿಡಬೇಕಾದ ಅಂತರ, ಇವುಗಳಿಗೆ ಪಂಚಾಯಿತಿ ಮಟ್ಟದಲ್ಲಿ ಪರವಾನಗಿ ಬಿಗಿಯಾಗದಿದ್ದರೆ ಮುಂದಿನ ಕುಸಿತ ಕಾನೂನು ಪಾಲಿಸಿದ ಜಾಗದಲ್ಲೇ ಆಗಬಹುದು.

ಮುಂದೆ ಆಗಬಹುದಾದ್ದು

ಮೂರು ದಾರಿಗಳಿವೆ. ಅಂತಿಮ ಅಧಿಸೂಚನೆ ಬರುವುದು ಒಂದು. ಒಪ್ಪಿದ ರಾಜ್ಯಗಳಿಗೆ ಮೊದಲು, ಉಳಿದವಕ್ಕೆ ಆಮೇಲೆ ಎಂದು ಬಿಡಿಬಿಡಿಯಾಗಿ ಮಾಡುವುದು ಇನ್ನೊಂದು. ರಾಜ್ಯಗಳ ಆಕ್ಷೇಪ ಕೇಳಲು 2022ರಲ್ಲಿ ಅರಣ್ಯ ಇಲಾಖೆಯ ಮಾಜಿ ಮಹಾನಿರ್ದೇಶಕ ಸಂಜಯ್ ಕುಮಾರ್ ಅಧ್ಯಕ್ಷತೆಯ ಸಮಿತಿ ರಚನೆಯಾದದ್ದು ಇಂಥ ಹೊಂದಾಣಿಕೆ ಹುಡುಕಲೆಂದೇ. ಮೂರನೆಯದು ಈವರೆಗೆ ನಡೆದದ್ದೇ: ಅವಧಿ ಮುಗಿದು ಏಳನೇ ಕರಡು. ಮೂರನೆಯ ದಾರಿ ಯಾರಿಗೂ ನೋವಾಗದ್ದು ಎಂದು ಕಾಣುತ್ತದೆ, ಆದರೆ ಅತಿ ದುಬಾರಿ ಅದೇ. 2013ರ ನಿಷೇಧ ಮುಂದುವರಿಯುತ್ತದೆ, ಹಳೆಯ ಗಣಿಗಳ ಐದು ವರ್ಷದ ಗಡಿಯಾರ ಶುರುವೇ ಆಗುವುದಿಲ್ಲ, ತಪ್ಪಾಗಿ ಸೇರಿದ ತೋಟ ಪಟ್ಟಿಯಿಂದ ಹೊರಬರುವುದಿಲ್ಲ.

ಕರಡು ಬಂದ 60 ದಿನ ಆಕ್ಷೇಪ ಸಲ್ಲಿಸಲು ಅವಕಾಶವಿರುತ್ತದೆ. ‘ವರದಿ ಬೇಡ’ ಎಂಬ ಒಂದು ಸಾಲಿನ ಸಾವಿರ ಪತ್ರಗಳಿಗಿಂತ ನಿರ್ದಿಷ್ಟವಾದ ಒಂದು ಕಡತಕ್ಕೆ ಬೆಲೆ ಜಾಸ್ತಿ. ರಾಜ್ಯಪತ್ರದ ಅನುಬಂಧದಲ್ಲಿ ಜಿಲ್ಲೆ, ತಾಲ್ಲೂಕು, ಹಳ್ಳಿಯ ಹೆಸರು ಹುಡುಕಿ. ಗ್ರಾಮದ ನಕಾಶೆ ತೆಗೆಸಿ ಅರಣ್ಯದ ಸರ್ವೆ ನಂಬರ್‌ಗಳನ್ನೂ ಹಿಡುವಳಿಯ ಸರ್ವೆ ನಂಬರ್‌ಗಳನ್ನೂ ಬೇರೆ ಬೇರೆ ಪಟ್ಟಿ ಮಾಡಿ, ಪ್ರತಿಯೊಂದರ ವಿಸ್ತೀರ್ಣ ಕೂಡಿಸಿ. ಪಹಣಿಯ ಬೆಳೆ ಕಾಲಂನಲ್ಲಿ ಕಾಫಿ, ಅಡಿಕೆ, ಏಲಕ್ಕಿ ಸರಿಯಾಗಿ ನಮೂದಾಗಿದೆಯೇ ನೋಡಿ, ಇಲ್ಲದಿದ್ದರೆ ಮೊದಲು ಅದನ್ನು ತಿದ್ದಿಸಬೇಕು. ಗ್ರಾಮಸಭೆಯ ನಡಾವಳಿಯಲ್ಲಿ ಈ ಅಂಕಿಗಳನ್ನೇ ಬರೆಸಿ, ಹಾಜರಿ ಸಹಿಯೊಂದಿಗೆ ಲಗತ್ತಿಸಬೇಕು. ಕೇರಳದ ಕಡಿತ ಸಿಕ್ಕಿದ್ದು ಇಂಥ ನೆಲಮಟ್ಟದ ಪರಿಶೀಲನೆಯಿಂದ.

ಮುಂದಿನ ರಾಜ್ಯಪತ್ರ ಬಂದ ದಿನ ಮೊದಲ ಪುಟಗಳ ನಿಷೇಧದ ಕಲಮುಗಳನ್ನು ಓದುವ ಮುಂಚೆ ಕೊನೆಯಲ್ಲಿರುವ ಅನುಬಂಧ ತೆರೆಯಿರಿ. ಕರ್ನಾಟಕದ ಪಟ್ಟಿಯಲ್ಲಿ ಹಳ್ಳಿಗಳ ಹೆಸರಿನ ಮುಂದೆ ಸರ್ವೆ ನಂಬರ್‌ಗಳ ಕಾಲಂ ಒಂದು ಹೊಸದಾಗಿ ಸೇರಿದೆಯೇ ಎಂದು ನೋಡಿ.